ಹೊಸ ಟೇಲ್ ಲ್ಯಾಂಪ್ ಬೋರ್ಡ್‌ಗೆ ಎಷ್ಟು ಪಿಪಿಎಂ ಅಂತ ಬರ್ಕೊಡೋದು?

ಹಾಸನ_ಕ್ಯೂಸಿ
ಎಲ್ರಿಗೂ ನಮಸ್ಕಾರ. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೋರ್ಡ್ ಮೇಲೆ ಪಾರ್ಟ್ಸ್ ಕೂರಿಸಿ ಸೋಲ್ಡರ್ ಮಾಡೋ ಒಂದು ಚಿಕ್ಕ ಎಸ್ಎಂಟಿ ಯೂನಿಟ್‌ನಲ್ಲಿ ಕ್ವಾಲಿಟಿ ನೋಡ್ಕೊತಿದೀನಿ. ಇಷ್ಟು ದಿನ ಯುಪಿಎಸ್ ಬೋರ್ಡು, ಪಂಪ್ ಸ್ಟಾರ್ಟರ್ ಬೋರ್ಡು ಮಾಡ್ತಿದ್ವಿ, ಈಗ ಮೊದಲ್ನೇ ಸಲ ಕಾರಿನ ಆರ್ಡರ್ ಬಂದಿದೆ, ಹಿಂದಿನ ಲೈಟಿನ ಎಲ್ಇಡಿ ಡ್ರೈವರ್ ಬೋರ್ಡು, ತಿಂಗಳಿಗೆ 8000. ಕಸ್ಟಮರ್ ಕಳ್ಸಿರೋ ಅಗ್ರಿಮೆಂಟಲ್ಲಿ 50 ಪಿಪಿಎಂ ಅಂತಿದೆ, ಅಂದ್ರೆ ಹತ್ತು ಲಕ್ಷ ಪೀಸಿಗೆ 50 ಕೆಟ್ಟದ್ದು. ನಮ್ ಓನರ್ರು 500 ಕೇಳಪ್ಪ ಅಂತಾರೆ, ಪ್ರೊಡಕ್ಷನ್‌ನವ್ರು ಪೈಲಟ್ 300 ಪೀಸಲ್ಲಿ ಒಂದೂ ಹೋಗಿಲ್ಲ ಧೈರ್ಯವಾಗಿ ಸೈನ್ ಹಾಕಿ ಅಂತಾರೆ. ಹಳೇ ಬೋರ್ಡ್‌ಗಳಿಗೆ ಎಕ್ಯೂಎಲ್ (ಸ್ಯಾಂಪಲ್ ನೋಡಿ ಲಾಟ್ ಪಾಸ್ ಮಾಡಕ್ಕೆ ಒಪ್ಕೊಳ್ಳೋ ಡಿಫೆಕ್ಟ್ ಮಟ್ಟ) 0.65 ಇಟ್ಕೊಂಡು ಸ್ಯಾಂಪಲ್ ನೋಡ್ತಿದ್ವಿ, ಅದನ್ನೇ ಇಲ್ಲೂ ಹಾಕ್ಬೋದಾ? ಸೋಮವಾರ ಉತ್ತರ ಕೊಡ್ಬೇಕು.

ಮೂಡಿಗೆರೆ_ಮಳೆ
ಎಕ್ಯೂಎಲ್ ಬೇಡವೇ ಬೇಡ ಸರ್. ನಾನು ಕೊಂಡ್ಕೊಳ್ಳೋ ಕಡೆ ಸಪ್ಲೈಯರ್ ಕ್ವಾಲಿಟಿಯಲ್ಲಿ ಇದೀನಿ. 0.65 ಅನ್ನೋದು ಪರ್ಸೆಂಟು, ಅಂದ್ರೆ ಹತ್ತು ಲಕ್ಷಕ್ಕೆ 6500, ಅಷ್ಟು ಕೆಟ್ಟಿರೋ ಲಾಟೂ ಆ ಟೇಬಲ್ ಪ್ರಕಾರ ಬಹುಪಾಲು ಸಲ ಪಾಸಾಗುತ್ತೆ. ಕಾರ್ ಪಾರ್ಟ್ಸ್ ಮಾಡೋರ ಕ್ವಾಲಿಟಿ ಸ್ಟ್ಯಾಂಡರ್ಡ್ ಐಎಟಿಎಫ್ 16949 ಓದಿ ನೋಡಿ, ಪಾಸ್-ಫೇಲ್ ಸ್ಯಾಂಪ್ಲಿಂಗಲ್ಲಿ ಒಪ್ಕೊಳ್ಳೋ ಮಟ್ಟ ಸೊನ್ನೆ ಅಂತ್ಲೇ ಇದೆ, ಸ್ಯಾಂಪಲಲ್ಲಿ ಒಂದು ಸಿಕ್ರೂ ಲಾಟ್ ನಿಲ್ಬೇಕು.

ಪೈಲಟ್ ವಿಷಯ. 300ರಲ್ಲಿ ಸೊನ್ನೆ ಬಂತು ಅಂದ್ರೆ 95 ಪರ್ಸೆಂಟ್ ನಂಬಿಕೆಯಿಂದ ಹೇಳ್ಬೋದಾದ್ದು ಇಷ್ಟೇ: ಡಿಫೆಕ್ಟು ನೂರಕ್ಕೆ ಒಂದಕ್ಕಿಂತ ಕಮ್ಮಿ. ಮೂರನ್ನ ಪೀಸಿನ ಸಂಖ್ಯೆಯಿಂದ ಭಾಗಿಸಿ, ಲೆಕ್ಕ ಅಷ್ಟೇ. ನೂರಕ್ಕೆ ಒಂದು ಅಂದ್ರೆ 10,000 ಪಿಪಿಎಂ! 50 ಅಂತ ತೋರಿಸ್ಬೇಕಾದ್ರೆ 60,000 ಪೀಸು ಒಂದೂ ಫೇಲಾಗ್ದೆ ಹೋಗ್ಬೇಕು, ನಿಮ್ ವಾಲ್ಯೂಮಲ್ಲಿ ಏಳೂವರೆ ತಿಂಗಳು. ಚಿಪ್‌ಗಳ ಎಇಸಿ ಕ್ಯೂ100 (ಕಾರಿಗೆ ಹಾಕೋ ಚಿಪ್ ಪಾಸಾಗ್ಬೇಕಾದ ಸ್ಟ್ಯಾಂಡರ್ಡ್) ಟೆಸ್ಟಲ್ಲೂ 77ರಂತೆ ಮೂರು ಲಾಟು, ಒಟ್ಟು 231, ಅದರಿಂದ ಸಾಬೀತಾಗೋದೂ ಹೆಚ್ಚುಕಮ್ಮಿ ಒಂದು ಪರ್ಸೆಂಟೇ. ಅದಕ್ಕೇ ಪೈಲಟ್ ನೋಡಿ ಪಿಪಿಎಂ ಹೇಳಕ್ಕಾಗಲ್ಲ, ಪ್ರೋಸೆಸ್ ನೋಡಿ ಹೇಳ್ಬೇಕು.

ಘಾಟಿ_ಹುಡುಗ
ನಂಗೆ ಇಷ್ಟೆಲ್ಲ ಲೆಕ್ಕ ಗೊತ್ತಿಲ್ಲ ಆದ್ರೆ ಕಾರಿನ ಪಾರ್ಟಿಗೆ ಸೊನ್ನೆ ಬಿಟ್ಟು ಬೇರೆ ನಂಬರ್ ಬರಿಯೋದೇ ತಪ್ಪಲ್ವಾ? ಸಕಲೇಶಪುರ ಇಳಿದು ಶಿರಾಡಿ ಘಾಟಲ್ಲಿ ಜುಲೈ ರಾತ್ರಿ ಮಂಜು ಮಳೆ ಎರಡೂ ಇದ್ದಾಗ ಮುಂದಿನ ಗಾಡಿ ಹಿಂದಿನ ಲೈಟೊಂದೇ ಕಾಣೋದು, ನಮ್ಮಪ್ಪ ಲಾರಿ ಓಡಿಸ್ತಾರೆ, ಲೈಟ್ ಇಲ್ದೆ ನಿಂತಿದ್ದ ಗಾಡಿಗೆ ಎರಡಡಿಯಲ್ಲಿ ಬ್ರೇಕ್ ಹಾಕಿದಾರೆ.

ಸೋಲ್ಡರ್_ಸಾವಿತ್ರಿ
ತಮ್ಮಾ, ನೀನು ಹೇಳಿದ್ದು ನಿಜ, ಗುರಿ ಸೊನ್ನೆನೇ. ಅಗ್ರಿಮೆಂಟಲ್ಲಿ ಬರಿಯೋ ನಂಬರು ಇಷ್ಟು ಕೆಟ್ಟದ್ದು ಕಳಿಸ್ಬೋದು ಅನ್ನೋ ಪರ್ಮಿಷನ್ ಅಲ್ಲ, ಅದು ದಾಟಿದ್ರೆ ಗಂಟೆ ಬಾರಿಸ್ಬೇಕು ಅಂತ. ಒಂದೇ ಪೀಸ್ ವಾಪಸ್ ಬಂದ್ರೂ 8ಡಿ, ಅಂದ್ರೆ ಕಾರಣ ಹುಡುಕಿ ಸರಿಮಾಡೋ ಎಂಟು ಹಂತದ ರಿಪೋರ್ಟು, ಮಾಡ್ಲೇಬೇಕು.

ಹಾಸನದ ಸರ್, ತಿಂಗಳಿಗೆ 8000ದಲ್ಲಿ ಒಂದು ಹೋದ್ರೂ 125 ಪಿಪಿಎಂ ಆಗುತ್ತೆ, 50 ಅನ್ನೋದನ್ನ ತಿಂಗಳ ಲೆಕ್ಕದಲ್ಲಿ ಯಾರೂ ಉಳಿಸ್ಕೊಳ್ಳಕ್ಕಾಗಲ್ಲ. 12 ತಿಂಗಳ ರೋಲಿಂಗ್ ಲೆಕ್ಕ ಕೇಳಿ, 96,000ಕ್ಕೆ 4 ಪೀಸು ಅಂದ್ರೆ ಸುಮಾರು 42. ಕಸ್ಟಮರ್ ಲೈನಲ್ಲೇ ಸಿಕ್ಕಿದ್ದು, ಅಂದ್ರೆ ಝೀರೋ ಕಿಲೋಮೀಟರ್, ಬೇರೆ ಇರ್ಲಿ, ವಾರಂಟಿಯಲ್ಲಿ ವಾಪಸ್ ಬಂದಿದ್ದು ಬೇರೆ ಇರ್ಲಿ. ಟೆಸ್ಟ್ ಮಾಡಿದ್ರೆ ಸರಿ ಇದೆ ಅಂತ ಬರೋ ಪೀಸ್‌ಗಳು ಯಾರ ಲೆಕ್ಕಕ್ಕೆ ಅನ್ನೋದನ್ನ ಈಗ್ಲೇ ಬರೆಸ್ಕೊಳ್ಳಿ, ಜಗಳ ಆಗೋದೆಲ್ಲ ಅಲ್ಲೇ.

ನಿಮ್ಮ ನಂಬರ್ ತೆಗಿಯೋದು ಹೀಗೆ. ಲೈನಲ್ಲಿ ಟೆಸ್ಟ್‌ಗೆ ಮುಂಚೆ ಎಷ್ಟು ಕೆಡ್ತಿದೆ, ಅದ್ರಲ್ಲಿ ಎಓಐ (ಕ್ಯಾಮೆರಾದಲ್ಲಿ ಬೋರ್ಡ್ ನೋಡೋ ಮೆಷಿನ್) ಮತ್ತೆ ಫಂಕ್ಷನ್ ಟೆಸ್ಟು ಎಷ್ಟು ಹಿಡಿಯುತ್ತೆ. 2000 ಪಿಪಿಎಂ ಕೆಟ್ಟು ನೂರಕ್ಕೆ 98 ಹಿಡಿದ್ರೆ 40 ಪಿಪಿಎಂ ಹೊರಗೆ ಹೋಗುತ್ತೆ. 5000 ಕೆಡ್ತಿದ್ರೆ 100 ಹೋಗುತ್ತೆ, ಆಗ 50ಕ್ಕೆ ಸೈನ್ ಹಾಕಿದ್ರೆ ಸುಳ್ಳು. ಬೇಕಂತ್ಲೇ ಕೆಡಿಸಿದ ಬೋರ್ಡು ಒಂದಿಪ್ಪತ್ತು ಮಾಡಿ, ಉಲ್ಟಾ ಡಯೋಡು, ಸೋಲ್ಡರ್ ಕಮ್ಮಿ, ಒಂದು ರೆಸಿಸ್ಟರ್ ಇಲ್ದೇ ಇರೋದು, ಟೆಸ್ಟರಿಗೆ ಕೊಟ್ಟು ಎಷ್ಟು ಹಿಡಿಯುತ್ತೆ ನೋಡಿ. ನಾವು ಹೀಗೆ ಮಾಡಿದಾಗ ಉಲ್ಟಾ ಡಯೋಡೇ ಪಾಸಾಗ್ಬಿಟ್ಟಿತ್ತು, ಟೆಸ್ಟ್ ಪ್ರೋಗ್ರಾಂ ತಿರುಗಿ ಬರೆದ್ವಿ.

ಇನ್ನೊಂದು, ಮಳೆಗಾಲ. ಎಂಎಸ್ಎಲ್ 3 (ತೇವಕ್ಕೆ ಎಷ್ಟು ಸೂಕ್ಷ್ಮ ಅನ್ನೋ ಗ್ರೇಡು) ಎಲ್ಇಡಿ ಪ್ಯಾಕೆಟ್ ಒಡೆದ್ಮೇಲೆ 168 ಗಂಟೆಯೊಳಗೆ ಸೋಲ್ಡರ್ ಆಗ್ಬೇಕು, ಅದೂ 30 ಡಿಗ್ರಿ 60 ಪರ್ಸೆಂಟ್ ತೇವದವರೆಗೆ. ನಮ್ಮ ಕಡೆ ಜುಲೈನಲ್ಲಿ ಶೆಡ್ ಒಳಗೆ 60 ಎಲ್ಲಿ ಇರುತ್ತೆ ಹೇಳಿ? ಡ್ರೈ ಕ್ಯಾಬಿನೆಟ್ ತಗೊಳ್ಳಿ. ತೇವ ಕುಡಿದ ಎಲ್ಇಡಿ ರಿಫ್ಲೋ (ಸೋಲ್ಡರ್ ಕರಗಿಸೋ ಓವನ್) ಬಿಸಿಗೆ ಒಳಗೇ ಬಿರುಕು ಬಿಟ್ಟಿರುತ್ತೆ, ನಿಮ್ ಟೆಸ್ಟಲ್ಲಿ ಉರಿಯುತ್ತೆ, ಆರು ತಿಂಗಳಿಗೆ ರೋಡಲ್ಲಿ ಆರುತ್ತೆ.

ಹಾಸನ_ಕ್ಯೂಸಿ
ಸಾವಿತ್ರಿ ಮೇಡಂ, ಮೂಡಿಗೆರೆ ಸರ್, ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ನಮ್ ಡೇಟಾ ತೆಗ್ದೆ, ಲೈನಲ್ಲಿ 4200 ಪಿಪಿಎಂ ಇದೆ, ಟೆಸ್ಟ್ ಎಷ್ಟು ಹಿಡಿಯುತ್ತೆ ಅಂತ ಯಾವತ್ತೂ ಅಳೆದೇ ಇಲ್ಲ. ಬೆಳಿಗ್ಗೆ ಓನರ್‌ಗೆ ತೋರಿಸ್ದೆ, 500 ಮಾತು ಬಿಟ್ರು. ಮೊದಲ 90 ದಿನ ಎಕ್ಸ್‌ಟ್ರಾ ಚೆಕ್ಕಿಂಗ್ ಸ್ಟೇಷನ್ ಇಟ್ಟು ಪ್ರತಿ ಪೀಸೂ ಎರಡನೇ ಸಲ ನೋಡ್ತೀವಿ, ಅಲ್ಲಿ ಸಿಕ್ಕಿದ್ದೆಲ್ಲ ಕಸ್ಟಮರ್‌ಗೂ ವಾರಾವಾರ ಕಳಿಸ್ತೀವಿ, 50 ಅನ್ನೋದನ್ನ 12 ತಿಂಗಳ ಲೆಕ್ಕದಲ್ಲಿ ಒಪ್ಕೊತೀವಿ ಅಂತ ಬರೀತಿದೀನಿ. ಕೆಡಿಸಿದ ಬೋರ್ಡು ಇವತ್ತು ಆರು ರೆಡಿ ಆಗಿದೆ.

ಮೂಡಿಗೆರೆ_ಮಳೆ
ನನ್ನ ಟೇಬಲ್‌ಗೆ ಹೀಗೆ ಬರ್ಕೊಂಡು ಬಂದ್ರೆ ನಾನು ಒಪ್ಕೊತೀನಿ ಸರ್. ಆ ಇಪ್ಪತ್ತರಲ್ಲಿ ಎಷ್ಟು ತಪ್ಪಿಸ್ಕೊಳ್ತು ಅಂತ ಇಲ್ಲೇ ಹಾಕಿ.