ಪದಚರ್ಚೆ: ಎರರ್, ಡಿಫೆಕ್ಟ್, ಫೇಲ್ಯೂರ್ – ಮೂರಕ್ಕೂ 'ತಪ್ಪು' ಸಾಕೇ?

ಗೆಳೆಯರೇ,

ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಗುಣಮಟ್ಟದ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಎರರ್, ಡಿಫೆಕ್ಟ್, ಫೇಲ್ಯೂರ್ ಎಂಬ ಮೂರು ಪದಗಳ ಹತ್ತಿರ ಕೈ ನಿಂತಿದೆ. ಮಾತಿನಲ್ಲಿ ನಾವು ಮೂರಕ್ಕೂ 'ತಪ್ಪು' ಅಂದುಬಿಡುತ್ತೇವೆ, ಇಲ್ಲವೇ 'ಬಗ್' ಅನ್ನುತ್ತೇವೆ. ಆದರೆ ಟೆಸ್ಟಿಂಗ್‌ನವರು ಓದುವ ಐಎಸ್‌ಟಿಕ್ಯೂಬಿ (ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ) ಪಠ್ಯದಲ್ಲಿ ಈ ಮೂರೂ ಬೇರೆ ಬೇರೆ.

60 ವರ್ಷ ತುಂಬಿದವರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ ಅಂದುಕೊಳ್ಳಿ. ಪ್ರೋಗ್ರಾಂ ಬರೆಯುವವರು ಅದನ್ನು '60 ದಾಟಿದವರಿಗೆ' ಎಂದು ತಿಳಿದುಕೊಂಡರು. ಇದು ಎರರ್, ಮನುಷ್ಯರಿಂದ ಆದದ್ದು. '60 ಅಥವಾ ಹೆಚ್ಚು' ಎಂದಿರಬೇಕಾದ ಸಾಲಿನಲ್ಲಿ '60ಕ್ಕಿಂತ ಹೆಚ್ಚು' ಎಂದು ಬಂತು. ಇದು ಡಿಫೆಕ್ಟ್, ಕೋಡ್‌ನಲ್ಲಿ ಇರುವುದು. 58, 65 ಹಾಕಿ ಟೆಸ್ಟ್ ಮಾಡಿದರೆ ಸಿಗುವುದೇ ಇಲ್ಲ, ಸುಮ್ನೆ ಕೂತಿರುತ್ತದೆ. ಸರಿಯಾಗಿ 60 ತುಂಬಿದ ಹಿರಿಯರೊಬ್ಬರು ಬಂದು ಪೂರ್ತಿ ದುಡ್ಡು ಕೊಡಬೇಕಾಗಿ ಬಂದಾಗ ಅದು ಫೇಲ್ಯೂರ್.

ಮೂರಕ್ಕೂ 'ತಪ್ಪು' ಅಂದರೆ ಏನು ತೊಂದರೆ? 'ತಪ್ಪು' ಅಂದ ಕೂಡಲೇ ನಮ್ಮ ಬಾಯಿಗೆ ಬರುವ ಮುಂದಿನ ಮಾತು 'ಯಾರದ್ದು?' ಅಲ್ವಾ? ಗುಣಮಟ್ಟ ಕೆಡುವುದು ಅಲ್ಲಿಂದಲೇ. ಐಬಿಎಂನಲ್ಲಿದ್ದ ಮೈಕೆಲ್ ಫೇಗನ್ ಕೋಡನ್ನು ನಾಲ್ಕು ಜನ ಕೂತು ಸಾಲು ಸಾಲಾಗಿ ನೋಡುವ ಕ್ರಮದ ಬಗ್ಗೆ 1976ರಲ್ಲಿ ಬರೆದರು. ಅಲ್ಲಿ ಸಿಕ್ಕ ದೋಷಗಳ ಲೆಕ್ಕದಿಂದ ನೌಕರರನ್ನು ಅಳೆಯಬಾರದು ಎಂದು ಆಗಲೇ ಹೇಳಿದ್ದರು. ಅಳೆದರೆ ಜನ ಮುಚ್ಚಿಡುತ್ತಾರೆ. ಸಾಫ್ಟ್‌ವೇರ್ ಸಂಸ್ಥೆಗಳ ಕೆಲಸದ ಕ್ರಮ ಎಷ್ಟು ಪಳಗಿದೆ ಎಂದು ಐದು ಹಂತಗಳಲ್ಲಿ ಅಳೆಯುತ್ತಿದ್ದ ಸಿಎಂಎಂ ಮಾದರಿಯ 5ನೇ ಹಂತದಲ್ಲಿ 'ಡಿಫೆಕ್ಟ್ ಪ್ರಿವೆನ್ಷನ್' ಅಂತ ಒಂದು ಭಾಗವಿತ್ತು. ದೋಷ ಹುಟ್ಟಿದ ಕಾರಣ ಹುಡುಕಿ ಮತ್ತೆ ಹುಟ್ಟದಂತೆ ನೋಡಿಕೊಳ್ಳುವುದು ಅದರ ಕೆಲಸ. ಮೇಲಿನ ಉದಾಹರಣೆಯಲ್ಲಾದರೆ ನಿಯಮದ ವಾಕ್ಯವೇ ಗೊಂದಲವಾಗಿತ್ತಾ ಎಂದು ನೋಡಬೇಕು. ಈ 'ಡಿಫೆಕ್ಟ್ ಪ್ರಿವೆನ್ಷನ್' ಅನ್ನು 'ತಪ್ಪು ತಡೆ' ಅಂತ ಬರೆದರೆ ಬುದ್ಧಿಮಾತಿನ ಹಾಗೆ ಕೇಳುತ್ತದೆ.

ಡಿಫೆಕ್ಟ್‌ಗೆ 'ದೋಷ' ಎಲ್ಲರಿಗೂ ಗೊತ್ತು, ಅದೇ ಇರಲಿ. ಎರರ್‌ಗೆ 'ಎಡವು' ನನಗೆ ಹಿಡಿಸಿದೆ. ಎಡವುವುದು ಯಾರಿಗಾದರೂ ಆಗುವಂಥದ್ದು, ಅದರಲ್ಲಿ ಬೈಗುಳವಿಲ್ಲ. 'ಎಡವಟ್ಟು' ಬೇಡ, ಅದರಲ್ಲಿ ದಡ್ಡತನದ ವಾಸನೆ ಜಾಸ್ತಿ. ಕಷ್ಟ ಇರುವುದು ಫೇಲ್ಯೂರ್‌ನಲ್ಲಿ. 'ವೈಫಲ್ಯ' ಸರ್ಕಾರಿ ವರದಿಯ ಮಾತಾಯಿತು. 'ಪಂಪ್‌ಸೆಟ್ ಕೈಕೊಟ್ಟಿತು' ಅನ್ನುತ್ತೇವಲ್ಲ, ಅರ್ಥ ಅದೇ. ಆದರೆ 'ಈ ತಿಂಗಳ ಕೈಕೊಡುವಿಕೆಗಳು' ಅಂತ ಪಟ್ಟಿಗೆ ತಲೆಬರಹ ಕೊಡಲು ಮನಸ್ಸು ಒಪ್ಪುತ್ತಿಲ್ಲ.

ಕಾರ್ಖಾನೆಗಳಲ್ಲಿ, ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡುವವರು ಇದಕ್ಕೆ ಏನನ್ನುತ್ತೀರಿ? ನಿಮ್ಮ ಕಡೆ ಬಳಕೆಯಲ್ಲಿರುವ ಪದ ಇದ್ದರೆ, ಅದು ಬರುವ ಒಂದು ವಾಕ್ಯದ ಸಮೇತ ತಿಳಿಸಿ.