ಸಹಾಯ ಬೇಕು: ಕೆಲವು ಫೈಲ್‌ಗಳಿಗೆ ಲೈಸೆನ್ಸ್ ಹೆಡರ್ ಸೇರುತ್ತಿಲ್ಲ

ನಮಸ್ಕಾರ. ಪ್ರಾಜೆಕ್ಟ್‌ನ ಸುಮಾರು 400 ಸೋರ್ಸ್ ಫೈಲ್‌ಗಳಿಗೆ ಅಪಾಚೆ 2.0 ಲೈಸೆನ್ಸ್ ಹೆಡರ್ (ಫೈಲ್ ಮೇಲ್ಭಾಗದಲ್ಲಿ ಹಾಕುವ ಪರವಾನಗಿ ಟಿಪ್ಪಣಿ) ಹಾಕಲು ಆ್ಯಡ್‌ಲೈಸೆನ್ಸ್ ಎಂಬ ಟೂಲ್ ಓಡಿಸಿದೆ. ಗೋ, ಪೈಥಾನ್, ಶೆಲ್ ಎಲ್ಲದಕ್ಕೂ ಆಯಾ ಭಾಷೆಯ ಕಾಮೆಂಟ್ ರೂಪದಲ್ಲೇ ಸೇರಿತು. ಶೆಬ್ಯಾಂಗ್ ಸಾಲನ್ನೂ (ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಂ ಓಡಿಸಬೇಕೆಂದು ಹೇಳುವ '#!' ಸಾಲು) ಮೊದಲಲ್ಲೇ ಉಳಿಸಿದೆ, ಖುಷಿಯಾಯಿತು.

ಆದರೆ 12 ಫೈಲ್‌ಗಳನ್ನು ಮುಟ್ಟಿಯೇ ಇಲ್ಲ, ಎರರ್ ಕೂಡ ಇಲ್ಲ. ತೆರೆದು ನೋಡಿದರೆ ಅವುಗಳ ಮೇಲ್ಭಾಗದಲ್ಲಿ ಯಾರೋ ಹಿಂದೆ ಬರೆದಿಟ್ಟ ಕಾಮೆಂಟ್, ಅದರಲ್ಲಿ 'ಕಾಪಿರೈಟ್' ಎಂಬ ಪದ. ಅದನ್ನು ಕಂಡು ಟೂಲ್ ಹೆಡರ್ ಆಗಲೇ ಇದೆ ಅಂದುಕೊಳ್ಳುತ್ತದೆ. ಹೆಡರ್ ಇದೆಯಾ ಎಂದು ಪರೀಕ್ಷಿಸಲು ಮಾತ್ರ ಇರುವ ಚೆಕ್ ಆಯ್ಕೆ ಕೊಟ್ಟರೂ ಎಲ್ಲ ಸರಿಯಿದೆ ಅನ್ನುತ್ತದೆ!

ಇಂಥ ಹಳೆಯ ಸಾಲು ಕಿತ್ತು ಹೊಸ ಹೆಡರ್ ಹಾಕುವ ಸ್ಕ್ರಿಪ್ಟ್ ಯಾರ ಹತ್ತಿರವಾದರೂ ಇದೆಯಾ? ಪಠ್ಯ ಬದಲಿಸುವ ಸೆಡ್ ಕಮಾಂಡ್ ಬಳಸಲು ಹೋಗಿ ಎರಡು ಫೈಲ್ ಕೆಡಿಸಿಕೊಂಡೆ. ಹಳೆಯ ಆವೃತ್ತಿಗಳನ್ನು ಉಳಿಸಿಡುವ ಗಿಟ್ ಇದ್ದದ್ದಕ್ಕೆ ಬಚಾವಾದೆ.