ಕೂತು ಬಾಯಿಪಾಠ ಮಾಡಿದ ಮಾತು ರಂಗದ ಮೇಲೆ ಯಾಕೆ ಕೈಕೊಡುತ್ತದೆ?

ರಂಗಾಸಕ್ತ: ಕೂತಲ್ಲಿ ಗಡಗಡ ಒಪ್ಪಿಸುವ ನಟನೇ ಓಡಾಟ ಶುರುವಾದ ಕೂಡಲೇ ತಡವರಿಸುತ್ತಾನೆ. ಮಿದುಳಿನ ವಿಜ್ಞಾನ ಏನನ್ನುತ್ತದೆ? ತಾಲೀಮು ಹೇಗೆ ಬದಲಿಸಬೇಕು? ಇದಕ್ಕೂ ಬೇರೆಯವರ ಕ್ರಿಯೆ ಕಂಡಾಗಲೂ ಮಿಡಿಯುವ ‘ಕನ್ನಡಿ ನರಕೋಶ’ಕ್ಕೂ (mirror neuron) ನಂಟಿದೆಯೇ?

ನೇಪಥ್ಯ: ನೆನಪು ಸುಳಿವಿನ ಆಸರೆಯಲ್ಲಿ ಮೇಲೆ ಬರುತ್ತದೆ. ಕುರ್ಚಿಯಲ್ಲಿ ಕಲಿತರೆ ಸುಳಿವು ಹಿಂದಿನ ಸಾಲು ಮಾತ್ರ. ನಡೆ, ಎದುರು ನಟ, ಬೆಳಕು ಸೇರಿದಾಗ ಗಮನ ಹಂಚಿಹೋಗಿ ಆ ಎಳೆ ತುಂಡಾಗುತ್ತದೆ. ಹೆಲ್ಗಾ ಮತ್ತು ಟೋನಿ ನಾಯ್ಸ್ ನಟರ ನೆನಪನ್ನೇ ಅಧ್ಯಯನ ಮಾಡಿದವರು. ಚಲನೆಯೊಂದಿಗೆ ಆಡಿದ ಮಾತು, ಆಮೇಲೆ ಸುಮ್ಮನೆ ಕೂತು ನೆನಪಿಸಿಕೊಂಡರೂ ಹೆಚ್ಚು ನೆನಪಿರುತ್ತದೆ ಎಂದು ಕಂಡುಕೊಂಡರು.

ತಾಲೀಮುಮನೆ: ಮಾಡುವುದು ಹೀಗೆ. ಮೊದಲು ಪ್ರತಿ ಮಾತಿನ ಪಕ್ಕ ಒಂದು ಕ್ರಿಯಾಪದ ಬರೆಯಿರಿ: ಕೆಣಕು, ಬೇಡು, ಮರೆಮಾಚು. ‘ಸಿಟ್ಟು’, ‘ದುಃಖ’ ಅಂತ ಬರೆದರೆ ಪ್ರಯೋಜನವಿಲ್ಲ, ಅದರಿಂದ ಮುಂದಿನ ಮಾತು ಹುಟ್ಟುವುದಿಲ್ಲ. ಎಂಟು-ಹತ್ತು ಮಾತುಗಳನ್ನು ನಡೆಯೊಂದಿಗೇ ಹೇಳಿ, ನಾಟಕದ ಪ್ರತಿಯನ್ನು ಮುಚ್ಚಿಟ್ಟು ನೆನಪಿಸಿಕೊಳ್ಳಿ. ನಿದ್ದೆಯಾದ ಮೇಲೆ ಮರುದಿನ ಮತ್ತೊಮ್ಮೆ. ಮತ್ತೆ ಮತ್ತೆ ಓದುವುದು ಗೊತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ, ಅಷ್ಟೆ. ಎದುರಿನವರ ಕೊನೆಯ ಪದಕ್ಕೆ ಜೋತುಬೀಳುವುದು ಇನ್ನೊಂದು ತಪ್ಪು. ‘ನೀನು ನಿನ್ನೆ ಬರಲಿಲ್ಲ, ಊಟ ಆರಿಹೋಯಿತು’ ಎಂಬಲ್ಲಿ ನಿಮ್ಮನ್ನು ಚುಚ್ಚುವುದು ‘ಬರಲಿಲ್ಲ’. ಉತ್ತರ ಅಲ್ಲೇ ಹುಟ್ಟಬೇಕು.

ನರತಂತು: ಕನ್ನಡಿ ನರಕೋಶವನ್ನು ಇಲ್ಲಿ ಎಳೆತರಬೇಡಿ. 1990ರ ದಶಕದಲ್ಲಿ ಇಟಲಿಯ ಪಾರ್ಮಾದಲ್ಲಿ ನರವಿಜ್ಞಾನಿ ರಿಝೊಲಾಟಿ ತಂಡ ಅವನ್ನು ಗುರುತಿಸಿದ್ದು ಮಕಾಕ್ ಕೋತಿಗಳಲ್ಲಿ: ತಾನೇ ವಸ್ತು ಹಿಡಿದಾಗಲೂ ಬೇರೆಯವರು ಹಿಡಿಯುವುದನ್ನು ಕಂಡಾಗಲೂ ಅವು ಮಿಡಿದವು. ಅಲ್ಲಿಂದ ನಟನ ಅಳು ಕಂಡ ಪ್ರೇಕ್ಷಕರ ಕಣ್ಣೀರಿಗೆ ನೇರ ದಾರಿ ಎಳೆಯುವುದು ಅವಸರದ ಮಾತು.